ಮರವಂತೆಯ ಮರಳೂ ನನ್ನ ಕ್ಯಾಮೆರಾನೂ

ಪ್ರವಾಸ ಅಂದ ಕೂಡಲೇ ಮನೆಯ ಗಂಡಸರಿಗೆ ಕಾರು, ಪೆಟ್ರೋಲು, ಲಾಡ್ಜಿನ ಚಿಂತೆ. ನಮಗೆ ಹೆಂಗಸರಿಗೋ? ಚಕ್ಕುಲಿ ಡಬ್ಬ ತುಂಬಬೇಕು, ಚಟ್ನಿಪುಡಿ ಕಟ್ಟಿಕೊಳ್ಳಬೇಕು, ಹಾಲಿನವನಿಗೆ ಮೂರು ದಿನ ಬೇಡಪ್ಪ ಅಂತ ಹೇಳಬೇಕು, ತುಳಸಿಗೆ ನೀರು ಹಾಕೋಕೆ ಪಕ್ಕದ ಮನೆಯವರ ಕೈಗೆ ಗೇಟಿನ ಬೀಗದಕೈ ಕೊಡಬೇಕು. ಇದೆಲ್ಲ ಮುಗಿಸಿ ಕೊನೆಗೆ ನಾನು ಬೀರುವಿನ ಮೇಲಿಂದ ಒಂದು ಸಣ್ಣ ಸ್ಟೀಲ್ ಡಬ್ಬ ಇಳಿಸಿದೆ ನೋಡಿ, ನಮ್ಮೆಜಮಾನರು ನಕ್ಕುಬಿಟ್ಟರು.

"ಎಲ್ಲರ ಕೈಯಲ್ಲೂ ಮೊಬೈಲಿದೆ. ಆ ಹಳೇ ಕ್ಯಾಮೆರಾ ಯಾಕೇ ಹೊರ್ತೀಯ?"

ಯಾಕೆ ಅಂತ ನಿಮಗೆ ಹೇಳ್ತೀನಿ. 2009ರಲ್ಲಿ 7,500 ರೂಪಾಯಿ ಕೊಟ್ಟು ಕೊಂಡ ಡಿಜಿಟಲ್ ಕ್ಯಾಮೆರಾ ಅದು. ಆ ಹಣ ಯಜಮಾನರದ್ದಲ್ಲ, ತವರಿನದ್ದೂ ಅಲ್ಲ. ಎರಡು ವರ್ಷ ಓಣಿಯವರ ಸೀರೆಗಳಿಗೆ ಫಾಲ್ ಹೊಲಿದು, ರವಿಕೆ ಹೊಲಿದು, ಸಾಸಿವೆ ಡಬ್ಬದಲ್ಲಿ ಕೂಡಿಟ್ಟದ್ದು. ಮದುವೆಯಾದ ಮೇಲೆ ನನಗೇ ಅಂತ ನಾನೇ ಕೊಂಡುಕೊಂಡ ಮೊದಲ ವಸ್ತು. ಮಗಳ ಶಾಲಾ ವಾರ್ಷಿಕೋತ್ಸವ, ಮಗನ ಉಪನಯನ, ನಮ್ಮ ಮಾವನವರ ಕೊನೆಯ ದೀಪಾವಳಿ ಎಲ್ಲಾ ಅದರಲ್ಲೇ ತೆಗೆದದ್ದು. ಮೊಬೈಲಿನಲ್ಲಿ ಫೋಟೋ ತೆಗೆದರೆ ಶುಭೋದಯದ ಚಿತ್ರಗಳ ರಾಶಿಯಲ್ಲಿ ಎಲ್ಲಿ ಹೋಗುತ್ತೋ ನನಗಂತೂ ಗೊತ್ತಾಗೋದಿಲ್ಲ.

ಇನ್ನೊಂದು ಕಾರಣವೂ ಇತ್ತು. ನಮ್ಮತ್ತೆಗೆ ಈಗ 78 ವರ್ಷ. ಕಡೂರಿನ ಕಡೆ ಬಯಲುಸೀಮೆಯ ಹಳ್ಳಿಯಲ್ಲಿ ಹುಟ್ಟಿ, ತರೀಕೆರೆಗೆ ಸೊಸೆಯಾಗಿ ಬಂದವರು. ಸಮುದ್ರ ನೋಡಿಯೇ ಇರಲಿಲ್ಲ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಮಾವನವರು, "ಮುಂದಿನ ವರ್ಷ ಕಡಲು ತೋರಿಸ್ತೀನಿ ಕಣೇ" ಅಂತ ಪ್ರತಿ ವರ್ಷ ಹೇಳ್ತಿದ್ದರಂತೆ. 2016ರಲ್ಲಿ ತೀರಿಕೊಂಡರು. ಅತ್ತೆಯದು ಅಂತ ಮನೆಯಲ್ಲಿರೋ ಫೋಟೋಗಳು ಎರಡೇ. ಒಂದು ನಮ್ಮ ಮದುವೆಯ ಗುಂಪಿನ ಫೋಟೋ, ಅದರಲ್ಲಿ ಯಾರದೋ ಜರಿ ಪೇಟದ ಹಿಂದೆ ಅವರ ಅರ್ಧ ಮುಖ. ಇನ್ನೊಂದು ಆಧಾರ್ ಕಾರ್ಡಿನದು. ಅದನ್ನ ತೋರಿಸಿ ಅತ್ತೆ ಹೇಳ್ತಿರ್ತಾರೆ, "ನಾಳೆ ನಾನು ಹೋದ ಮೇಲೆ ಹಾರ ಹಾಕೋಕೆ ಈ ಕಳ್ಳಿ ಮುಖದ ಫೋಟೋ ಇಡಬೇಡ್ರೇ ಮತ್ತೆ!" ನಗುತ್ತಲೇ ಹೇಳ್ತಾರೆ. ಕೇಳೋರಿಗೆ ನಗು ಬರೋದಿಲ್ಲ. ಮಗ ಮೊಬೈಲ್ ಹಿಡಿದರೆ ಸಾಕು, ಹುಬ್ಬು ಗಂಟು ಹಾಕಿಕೊಂಡು ಕೂತುಬಿಡ್ತಾರೆ. ನನ್ನ ಕ್ಯಾಮೆರಾದಲ್ಲಾದರೆ ದೂರ ನಿಂತು, ಅವರಿಗೆ ಗೊತ್ತಾಗದ ಹಾಗೆ ಹತ್ತಿರ ಎಳೆದು ತೆಗೆಯಬಹುದು.

2025ರ ಜನವರಿ ಕೊನೆಯ ವಾರ ಹೊರಟೆವು. ಬೆಳಗ್ಗೆ ಐದಕ್ಕೆ ತರೀಕೆರೆ ಬಿಟ್ಟು, ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಆಗುಂಬೆ ಸೇರಿದಾಗ ಇನ್ನೂ ಚಳಿ. ಘಾಟಿಯಲ್ಲಿ 14 ತಿರುವುಗಳು. ಒಂದೊಂದು ತಿರುವಿಗೂ ಅತ್ತೆ ಒಂದೊಂದು ದೇವರ ಹೆಸರು ಹೇಳಿದರು. ಸೋಮೇಶ್ವರಕ್ಕೆ ಇಳಿದದ್ದೇ ತಡ, ಸ್ವೆಟರ್ ಬಿಚ್ಚುವಷ್ಟು ಸೆಖೆ. ಹೆಬ್ರಿ ದಾಟಿದ ಮೇಲೆ ಡ್ರೈವರ್ ಎ.ಸಿ. ಹಾಕಿದರು.

ನಾನೋ, ಜಾಣೆ, ಕ್ಯಾಮೆರಾನ ಎ.ಸಿ. ಗಾಳಿ ಬರೋ ಜಾಲರಿಯ ಮುಂದೆಯೇ ಇಟ್ಟಿದ್ದೆ. ಉಡುಪಿಯ ರಥಬೀದಿಯಲ್ಲಿ ಇಳಿದು ಕಣ್ಣಿಗೆ ಹಿಡಿದರೆ ಎಲ್ಲಾ ಮಂಜು! "ಆಯ್ತಲ್ಲ, ಕೆಟ್ಟಿತು" ಅಂದರು ನಮ್ಮವರು. ಕೆಟ್ಟಿರಲಿಲ್ಲ. ಫ್ರಿಜ್ಜಿನಿಂದ ತೆಗೆದ ನೀರಿನ ಚೊಂಬು ಹೊರಗೆ ಬೆವರುತ್ತದಲ್ಲ, ಅದೇ. ತಣ್ಣಗಿದ್ದ ಗಾಜಿಗೆ ಕರಾವಳಿಯ ತೇವದ ಗಾಳಿ ತಾಕಿ ಹನಿ ಕಟ್ಟಿತ್ತು. ಹೀಗಾದಾಗ ಸೆರಗಿನಿಂದ ಉಜ್ಜಬೇಡಿ, ಗಾಜಿಗೆ ಗೀರು ಬೀಳುತ್ತೆ. ಸ್ವಿಚ್ ಆರಿಸಿ ಕಾಲು ಗಂಟೆ ಸುಮ್ಮನೆ ಬಿಟ್ಟರೆ ತಾನೇ ಹೋಗುತ್ತೆ. ನಾವು ಮಠದೊಳಗೆ ಹೋಗಿ, ಒಂಬತ್ತು ರಂಧ್ರಗಳ ನವಗ್ರಹ ಕಿಂಡಿಯಲ್ಲಿ ಕೃಷ್ಣನನ್ನು ನೋಡಿ, ಊಟ ಮುಗಿಸಿ ಬರೋಷ್ಟರಲ್ಲಿ ಗಾಜು ತಿಳಿಯಾಗಿತ್ತು. ತಣ್ಣನೆ ಜಾಗದಿಂದ ಸೆಖೆಗೆ ಹೋಗುವಾಗ ಕ್ಯಾಮೆರಾನ ಪ್ಲಾಸ್ಟಿಕ್ ಚೀಲದೊಳಗೆ ಬಿಗಿಯಾಗಿ ಕಟ್ಟಿಟ್ಟು, ಚೀಲ ಹೊರಗಿನ ಶಾಖಕ್ಕೆ ಬಂದ ಮೇಲೆ ತೆಗೆದರೆ ಈ ತಾಪತ್ರಯವೇ ಇಲ್ಲ.

ಉಡುಪಿ ನಿಮಗೆಲ್ಲ ಗೊತ್ತಿರೋ ಊರು, ನಾನೇನು ಹೇಳಲಿ. ಮರವಂತೆಯ ಮಾತು ಹೇಳ್ತೀನಿ.

ಕುಂದಾಪುರದಿಂದ ಉತ್ತರಕ್ಕೆ ಹೆಮ್ಮಾಡಿ, ತ್ರಾಸಿ ದಾಟಿ ಸುಮಾರು 20 ಕಿ.ಮೀ. ಹೋದರೆ ಮರವಂತೆ. ರಾಷ್ಟ್ರೀಯ ಹೆದ್ದಾರಿ 66 ಅಲ್ಲಿ ಕಡಲಿಗೂ ನದಿಗೂ ನಡುವೆ ಬೈತಲೆಯ ಹಾಗೆ ಹೋಗುತ್ತೆ. ಎಡಕ್ಕೆ ಅರಬ್ಬೀ ಸಮುದ್ರ, ಬಲಕ್ಕೆ ಸೌಪರ್ಣಿಕಾ. ಒಂದು ಕಡೆ ಹೋ ಅನ್ನೋ ಅಲೆ, ಇನ್ನೊಂದು ಕಡೆ ಎಣ್ಣೆ ಹಾಕಿ ತಟ್ಟಿದ ಹಾಗೆ ನಿಂತ ನೀರು, ಅದರಾಚೆ ತೆಂಗಿನ ತೋಟ, ಅದರಾಚೆ ನೀಲಿ ನೀಲಿಯಾಗಿ ಕೊಡಚಾದ್ರಿಯ ಸಾಲು. ನದಿಯ ಪಕ್ಕಕ್ಕೆ ಊರಿನವರು ಮಾರಸ್ವಾಮಿ ದೇವಸ್ಥಾನ ಅಂತ ಕರೆಯೋ ವರಾಹಸ್ವಾಮಿಯ ಗುಡಿ. ಚಿತ್ರ ಏನು ಗೊತ್ತೇ? ಕೊಡಚಾದ್ರಿಯಲ್ಲಿ ಹುಟ್ಟಿ, ಕೊಲ್ಲೂರಿನ ತಾಯಿಯ ಪಾದದ ಬಳಿ ಹರಿದು ಇಲ್ಲಿಯ ತನಕ ಬಂದ ನದಿ, ಕಡಲು ಇಷ್ಟು ಹತ್ತಿರ ಇದ್ದರೂ ಇಲ್ಲಿ ಸೇರೋದಿಲ್ಲ. ದಕ್ಷಿಣಕ್ಕೆ ತಿರುಗಿ ಗಂಗೊಳ್ಳಿಗೆ ಹೋಗಿ, ಚಕ್ರಾ, ವಾರಾಹಿ ಮುಂತಾದ ನದಿಗಳ ಜೊತೆ ಕೂಡಿ ಆಮೇಲೆ ಸಮುದ್ರ ಸೇರುತ್ತೆ. ಇದನ್ನ ಅತ್ತೆಗೆ ಹೇಳಿದೆ.

"ನಿಮ್ಮ ಮಾವನ ಹಾಗೇ ಅನ್ನು," ಅಂದರು. "ಇನ್ನೇನು ಬಂತು ಬಂತು ಅನ್ನಿಸಿ ಆಮೇಲೆ ತಿರುಗಿಬಿಡೋದು."

ರಸ್ತೆ ದಾಟುವಾಗ ಮಾತ್ರ ಜೋಪಾನ, ಲಾರಿಗಳು ಹಾರಿಕೊಂಡು ಬರ್ತವೆ. ದಡದ ಉದ್ದಕ್ಕೂ ಕಡಲ ಕೊರೆತ ತಡೆಯೋಕೆ ಬಂಡೆಗಳ ರಾಶಿ ಹಾಕಿದ್ದಾರೆ. ಅವುಗಳ ನಡುವೆ ಮರಳಿರುವ ಜಾಗ ನೋಡಿ ಅತ್ತೆಯ ಕೈ ಹಿಡಿದು ಇಳಿಸಿದೆವು. ನೀರಿಗೆ ಇಳಿಯೋ ಜಾಗ ಅಲ್ಲ ಅದು, ಅಂಚಿನಲ್ಲಿ ಕಾಲು ನೆನೆಸಿದರೆ ಸಾಕು.

ಅತ್ತೆ ತುಂಬಾ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಇದಕ್ಕೆ ಆಚೆ ದಡ ಇಲ್ವೇನೇ?" ಅಂತ ಕೇಳಿದರು. ಇದೆ, ಕಾಣೋದಿಲ್ಲ ಅಂದೆ. ಬಗ್ಗಿ ಒಂದು ಬೊಗಸೆ ನೀರು ತೆಗೆದು ಕಣ್ಣಿಗೆ ಒತ್ತಿಕೊಂಡರು, ನಾಲಿಗೆಗೆ ಹಚ್ಚಿ ಮುಖ ಕಿವುಚಿದರು. ಅಷ್ಟರಲ್ಲಿ ಒಂದು ಅಲೆ ಬಂದು ಅವರ ಎಡಗಾಲಿನ ಚಪ್ಪಲಿ ಎಳೆದುಕೊಂಡು ಹೋಯಿತು. ಮಗ ಅದರ ಹಿಂದೆ ಓಡಿದ. ಅತ್ತೆ ಹಿಂದಕ್ಕೆ ತಿರುಗಿ, ಸೆರಗು ಗಾಳಿಗೆ ಹಾರ್ತಾ ಇದ್ದರೆ, ತಲೆಯ ಮೇಲೆ ಕೈಯಿಟ್ಟು ಹೋ ಅಂತ ನಕ್ಕರು ನೋಡಿ! ಅಂಥ ನಗು ನಾನು ಈ ಮನೆಗೆ ಬಂದ 25 ವರ್ಷದಲ್ಲಿ ನೋಡಿರಲಿಲ್ಲ. ಗುಂಡಿ ಒತ್ತಿದೆ. ಟಕ್ ಅಂತು.

ತೆಗೆದಿದ್ದೇನೆ ಅನ್ನೋ ಸಂತೋಷದಲ್ಲಿ ನಾನೂ ಚಪ್ಪಲಿಯ ಬೇಟೆಗೆ ಹೊರಟೆ. ಕ್ಯಾಮೆರಾನ ಲೆನ್ಸ್ ಮುಚ್ಚದೆ, ಹಾಗೇ ಮರಳಿನ ಮೇಲಿದ್ದ ಚೀಲದ ಮೇಲೆ ಇಟ್ಟೆ. ತಪ್ಪು ಅಲ್ಲೇ ಆದದ್ದು. ಗಾಳಿ ಬೀಸಿತು, ಚೀಲ ಉರುಳಿತು. ಎತ್ತಿಕೊಂಡು ಆ ಫೋಟೋ ನೋಡೋಣ ಅಂದರೆ 'ಕಿರ್ರ್' ಅಂತ ಶಬ್ದ, ಪರದೆಯ ಮೇಲೆ 'ಲೆನ್ಸ್ ಎರರ್' ಅಂತ ಬರಹ, ಅಷ್ಟೇ. ಲೆನ್ಸಿನ ಕೊಳವೆ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಅರ್ಧ ತಲೆ ಹೊರಗಿಟ್ಟ ಆಮೆಯ ಹಾಗೆ ನಿಂತುಬಿಟ್ಟಿತು.

ಎಳನೀರು ಮಾರ್ತಿದ್ದ ಹೆಂಗಸು ನನ್ನ ಮುಖ ನೋಡಿ, "ಎಂತ ಆಯ್ತ್ ಅಮ್ಮ? ಹೊಯ್ಗಿ ಒಳ್ಗ್ ಹೋಯ್ತ್ ಕಾಣಿ" ಅಂದರು. ಹೊಯ್ಗಿ ಅಂದರೆ ಏನು ಅಂತ ನನಗೆ ತಿಳಿಯಲಿಲ್ಲ. ಮರಳಿಗೆ ಆ ಕಡೆ ಹಾಗಂತಾರೆ. ನೋಡದೆಯೇ ಕಾಯಿಲೆ ಹೇಳಿದ ಪುಣ್ಯಾತ್ಗಿತ್ತಿ.

ರಾತ್ರಿ ಕುಂದಾಪುರದ ಲಾಡ್ಜಿನಲ್ಲಿ ನಮ್ಮವರು ಎಲ್ಲಿಂದಲೋ ಸಣ್ಣ ಸ್ಕ್ರೂಡ್ರೈವರ್ ಸಂಪಾದಿಸಿಕೊಂಡು ಬಂದರು. "ನಾಲ್ಕು ಮೊಳೆ ಬಿಚ್ಚಿದರೆ ಮುಗೀತು." ನನಗೆ ಎದೆ ಧಸಕ್ ಅಂತು. ಮಿಕ್ಸಿ ಬಿಚ್ಚಿ ಮೂರು ಮೊಳೆ ಉಳಿಸಿದವರು ಇವರು! ನಮ್ಮೂರಿನ ಫೋಟೋ ಸ್ಟುಡಿಯೋ ಹುಡುಗನಿಗೆ ಫೋನ್ ಮಾಡಿದೆ. ಅವನು ಮೊದಲು ಹೇಳಿದ್ದೇ, "ಆಂಟಿ, ಬಿಚ್ಚಲೇಬೇಡಿ, ಶಾಕ್ ಹೊಡೆಯುತ್ತೆ." ಫ್ಲ್ಯಾಶ್ ಮಿಂಚೋಕೆ ಒಳಗೆ ಕೆಪಾಸಿಟರ್ ಅಂತ ಒಂದು ಸಣ್ಣ ಕೊಳವೆ ಇರುತ್ತಂತೆ. ಅದರಲ್ಲಿ ಸುಮಾರು 300 ವೋಲ್ಟ್ ವಿದ್ಯುತ್ ತುಂಬಿಕೊಂಡಿರುತ್ತೆ, ಬ್ಯಾಟರಿ ತೆಗೆದ ಮೇಲೂ ಬಹಳ ಹೊತ್ತು ಇರುತ್ತೆ. ಅಷ್ಟು ಪುಟ್ಟ ವಸ್ತುವಿನಲ್ಲಿ! ಇದನ್ನ ನಿಮ್ಮ ಮನೆಯ ಗಂಡಸರಿಗೂ ಮಕ್ಕಳಿಗೂ ದಯವಿಟ್ಟು ಹೇಳಿ.

ಅವನು ಹೇಳಿದ ಎರಡನೆಯ ಮಾತು ಕೇಳಿ ನನಗೆ ಜೀವ ಬಂತು. ಲೆನ್ಸ್ ಕೆಟ್ಟರೂ ಫೋಟೋಗಳಿಗೆ ಏನೂ ಆಗಿರೋದಿಲ್ಲ, ಅವು ಇರೋದು ಅಂಗುಷ್ಠದಷ್ಟು ಅಗಲದ ಮೆಮೊರಿ ಕಾರ್ಡಿನಲ್ಲಿ. ಅದನ್ನು ತೆಗೆದು ಬೇರೆ ಇಡಿ ಅಂದ. ಕ್ಯಾಮೆರಾ ಏನಾದರೂ 'ಫಾರ್ಮ್ಯಾಟ್ ಮಾಡಲೇ?' ಅಂತ ಕೇಳಿದರೆ ಮಾತ್ರ ಹೂಂ ಅನ್ನಬೇಡಿ. ಹಾಗಂದರೆ ಕಾರ್ಡ್ ಒರೆಸಿ ಹಾಕಿಬಿಡುತ್ತೆ. ಬ್ಯಾಟರಿ, ಕಾರ್ಡು ಎರಡೂ ತೆಗೆದೆ. ಕಾರ್ಡನ್ನು ಕುಂಕುಮದ ಭರಣಿಯಲ್ಲಿಟ್ಟು, ಭರಣಿಯನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದೆ. ಆದರೂ ನಿದ್ದೆ ಬರಲಿಲ್ಲ. ಆ ಕೊನೆಯ ಫೋಟೋ ಬಿದ್ದಿದೆಯೋ ಇಲ್ಲವೋ ಅಂತ ಯೋಚನೆ. ಅತ್ತೆ ಅಂತೂ ಕೇಳಲೂ ಇಲ್ಲ. ಒಂಟಿ ಚಪ್ಪಲಿಯನ್ನ ಪೇಪರಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಗೊರಕೆ ಹೊಡೀತಿದ್ದರು.

ಮಾರನೆಯ ದಿನ ಕೊಲ್ಲೂರಿಗೆ ಹೋಗಿ ಮೂಕಾಂಬಿಕೆಯ ದರ್ಶನ ಮಾಡಿ, ಮೂರನೆಯ ದಿನ ಊರಿಗೆ ಬಂದೆವು. ಕುಂದಾಪುರದ ಹೋಟೆಲಿನ ಕೊಟ್ಟೆ ಕಡುಬಿನ ರುಚಿ ಇನ್ನೊಮ್ಮೆ ಬರೀತೀನಿ. ಹಲಸಿನ ಎಲೆಯ ಕೊಟ್ಟೆ ಕಟ್ಟೋದು ನನಗಿನ್ನೂ ಕೈಗೆ ಹತ್ತಿಲ್ಲ.

ಊರಲ್ಲಿ ಒಂದು ಅಂಗಡಿಯವರು ಕ್ಯಾಮೆರಾನ ಮುಟ್ಟಿಯೂ ನೋಡದೆ, "ಬಿಸಾಕಿ ಮೇಡಂ" ಅಂದರು. ಪಕ್ಕದ ಮನೆಯವರು ಅಕ್ಕಿ ಡಬ್ಬದಲ್ಲಿ ಹುದುಗಿಸಿಡಿ ಅಂದರು. ಅಕ್ಕಿಯ ಮಾತು ಎಲ್ಲರೂ ಹೇಳ್ತಾರೆ. ಅದು ನೀರಿಗೆ ಬಿದ್ದದ್ದಕ್ಕೆ. ಅದಕ್ಕೂ ಒಳ್ಳೆಯದಲ್ಲ, ಅಕ್ಕಿಯ ಹಿಟ್ಟು ಸಂದಿಗೊಂದಿಗೆ ಹೋಗಿ ಕೂರುತ್ತೆ. ಕ್ಯಾಮೆರಾ ನೆನೆದರೆ ಆನ್ ಮಾಡಬೇಡಿ. ಬ್ಯಾಟರಿ, ಕಾರ್ಡ್ ತೆಗೆದು ಒರೆಸಿ, ಹೊಸ ಚಪ್ಪಲಿ, ವ್ಯಾನಿಟಿ ಬ್ಯಾಗಿನ ಡಬ್ಬದಲ್ಲಿ ಬರುತ್ತಲ್ಲ, ಸಿಲಿಕಾ ಜೆಲ್ ಪೊಟ್ಟಣ, ಅವನ್ನು ಕೂಡಿಟ್ಟುಕೊಂಡು ಗಾಳಿಯಾಡದ ಡಬ್ಬದಲ್ಲಿ ಎರಡು ಮೂರು ದಿನ ಜೊತೆಗಿಡಿ. ಮಳೆಗಾಲದಲ್ಲಿ ಹಾಗೇ ಇಟ್ಟರೆ ಲೆನ್ಸಿಗೆ ಬೂಷ್ಟು ಹಿಡಿಯೋದೂ ತಪ್ಪುತ್ತೆ. ನನ್ನ ಸ್ಟೀಲ್ ಡಬ್ಬದ ಗುಟ್ಟು ಅದೇ.

ಆದರೆ ನನ್ನದು ನೀರಿನ ಕಾಯಿಲೆಯಲ್ಲ, ಮರಳಿನದು. ಹೊಲಿಗೆ ಮಷೀನಿನ ಮುಂದೆ ಕೂತು ಯೋಚಿಸಿದೆ. ಬಾಬಿನ್ ಕೇಸಿನಲ್ಲಿ ನೂಲಿನ ಜುಂಗು ಸಿಕ್ಕಿಕೊಂಡಾಗ ಏನು ಮಾಡ್ತೀವಿ? ಚಕ್ರವನ್ನು ಬಲವಂತವಾಗಿ ತಿರುಗಿಸ್ತೀವಾ? ಇಲ್ಲ, ಬ್ರಷ್ಷಿನಿಂದ ಮೆಲ್ಲಗೆ ಕೆದಕಿ ತೆಗೀತೀವಿ. ಇದೂ ಹಾಗೇ ಇರಬೇಕು. ಲೆನ್ಸಿನ ಕೊಳವೆ ಒಂದೇ ಅಲ್ಲ, ಒಂದರೊಳಗೊಂದು ಕೂರೋ ಅಳತೆ ಪಾವುಗಳ ಹಾಗೆ ಮೂರು ಬಳೆ. ಅವುಗಳ ನಡುವಿನ ಸಂದಿಯಲ್ಲಿ ಒಂದು ಕಣ ಸಿಕ್ಕಿದರೂ ಒಳಗಿನ ಪುಟ್ಟ ಮೋಟಾರಿಗೆ ಎಳೆಯೋಕೆ ಆಗೋದಿಲ್ಲ.

ಮೊದಲು ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿದೆ. ಬ್ಯಾಟರಿ ಸೋತಿದ್ದರೂ ಲೆನ್ಸ್ ಅರ್ಧಕ್ಕೆ ನಿಲ್ಲುತ್ತಂತೆ, ಅದನ್ನು ಮೊದಲು ನೋಡಿಕೊಂಡರೆ ಅರ್ಧ ಕಷ್ಟ ಉಳಿಯುತ್ತೆ. ಬ್ಯಾಟರಿಯ ತಾಮ್ರದ ಬಣ್ಣದ ತುದಿಗಳನ್ನು ಒಣ ಬಟ್ಟೆಯಿಂದ ಒರೆಸಿದೆ. ಹಾಕಿ ನೋಡಿದೆ. ಕಿರ್ರ್. ಮತ್ತೆ ತೆಗೆದೆ.

ಕ್ಯಾಮೆರಾದ ಮೈಗೆ ಉಪ್ಪು ಗಾಳಿಯ ಅಂಟು ಇತ್ತು. ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಿ, ಕೂಡಲೇ ಒಣ ಬಟ್ಟೆಯಲ್ಲಿ ಒರೆಸಿದೆ. ಮೆಡಿಕಲ್ ಶಾಪಿನಿಂದ ಹಸುಗೂಸಿನ ಮೂಗು ಸ್ವಚ್ಛ ಮಾಡೋ ಹೊಸ ರಬ್ಬರ್ ಬಲ್ಬು ತಂದೆ. ಲೆನ್ಸ್ ನೆಲಕ್ಕೆ ಮುಖ ಮಾಡಿರೋ ಹಾಗೆ ಹಿಡಿದು, ಸಂದಿಯ ಸುತ್ತ ಪುಸ್ ಪುಸ್ ಅಂತ ಗಾಳಿ ಬಿಟ್ಟೆ. ಮೇಲ್ಮುಖ ಹಿಡಿದರೆ ಮರಳು ಇನ್ನೂ ಒಳಕ್ಕೇ ಹೋಗುತ್ತೆ. ಬಾಯಲ್ಲಿ ಊದಬೇಡಿ, ಉಸಿರಿನ ಪಸೆಗೆ ಮರಳು ಅಂಟಿಕೊಳ್ಳುತ್ತೆ. ಆಮೇಲೆ ಬಟರ್ ಪೇಪರನ್ನು ಬೆರಳಗಲ ಕತ್ತರಿಸಿ, ಬಳೆಗಳ ಸಂದಿಯಲ್ಲಿ ಎಷ್ಟು ತಾನಾಗಿ ಇಳಿಯುತ್ತೋ ಅಷ್ಟೇ ಇಳಿಸಿ, ಸುತ್ತಲೂ ಮೆಲ್ಲಗೆ ಆಡಿಸಿದೆ. ಪಿನ್ನು, ಸೂಜಿ ಎರಡೂ ಬೇಡ.

ಕೆಳಗೆ ಬಿಳಿ ಕಾಗದ ಹಾಸಿಕೊಂಡಿದ್ದೆ. ಮೊದಲ ದಿನ ಏನೂ ಬೀಳಲಿಲ್ಲ. ಎರಡನೆಯ ದಿನ ಒಂದು ಕಣ. ಚಿರೋಟಿ ರವೆಯಷ್ಟು ಸಣ್ಣದು. ಅದನ್ನು ನೋಡಿ ನನಗಾದ ಸಂತೋಷ, ಯಜಮಾನರಿಗೆ ತೋರಿಸಿದರೆ ಅವರಿಗೆ ಕಾಣಲೇ ಇಲ್ಲ!

ನಡುವೆ ಒಂದು ಸಲ ಕೈ ಹೊಲಿಗೆ ಮಷೀನಿನ ಎಣ್ಣೆ ಡಬ್ಬಿಗೆ ಹೋಗಿತ್ತು, ಅಭ್ಯಾಸ ಬಲ. ಒಂದು ತೊಟ್ಟು ಬಿಟ್ಟರೆ ಸಲೀಸಾದೀತು ಅಂತ. ಪುಣ್ಯಕ್ಕೆ ಸ್ಟುಡಿಯೋ ಹುಡುಗನನ್ನು ಕೇಳಿದೆ. ಎಣ್ಣೆ ಬಿಟ್ಟಿದ್ದರೆ ಮರಳು ಕೆಸರಾಗಿ ಗಟ್ಟಿ ಕೂತು, ಎಣ್ಣೆ ಗಾಜಿಗೂ ಹರಡಿ ಎಲ್ಲಾ ಮುಗಿದೇ ಹೋಗ್ತಿತ್ತಂತೆ.

ಮೂರನೆಯ ದಿನ ಮಧ್ಯಾಹ್ನ, ಅತ್ತೆಯನ್ನು ಪಕ್ಕ ಕೂರಿಸಿಕೊಂಡೆ. ನಾನು ಲೆನ್ಸ್ ಕೆಳಮುಖವಾಗಿ ಹಿಡಿದು ಗುಂಡಿ ಒತ್ತೋದು, ಅದು ಅಲುಗಾಡುವಾಗಲೇ ಅತ್ತೆ ಬಲ್ಬು ಒತ್ತಿ ಗಾಳಿ ಬಿಡೋದು. ಒಂದು ಸಲ, ಎರಡು ಸಲ. ಪ್ರತಿ ಸಲದ ನಡುವೆ ಸ್ವಲ್ಪ ಹೊತ್ತು ಬಿಟ್ಟೆವು, ಮೋಟಾರು ಬಿಸಿಯಾಗಬಾರದು ನೋಡಿ. ಐದನೆಯ ಸಲಕ್ಕೆ ಕಾಗದದ ಮೇಲೆ ಟಿಕ್ ಅಂತ ಎರಡು ಕಣ ಬಿದ್ದವು. ಸುಯ್ ಅಂತ ಲೆನ್ಸ್ ಹೊರಗೆ ಬಂತು. ಆರಿಸಿದೆ, ಸುಯ್ ಅಂತ ಒಳಗೆ ಹೋಯಿತು! ಅತ್ತೆ, "ಹೆರಿಗೆಯಾದ ಹಾಗಾಯ್ತಲ್ಲೇ" ಅಂದರು.

ಕಾರ್ಡ್ ಹಾಕಿ ಒಂದು ಫೋಟೋ ತೆಗೆಯೋಣ ಅಂದರೆ 'ಕಾರ್ಡ್ ಲಾಕ್ ಆಗಿದೆ' ಅಂತ ಹೊಸ ರಾಗ. ಒಗ್ಗರಣೆಗೆ ಇಟ್ಟಾಗ ಗ್ಯಾಸ್ ಮುಗಿದ ಹಾಗೆ. ಹೆದರಬೇಡಿ, ಕಾರ್ಡಿನ ಪಕ್ಕದಲ್ಲಿ ಉಗುರಿನ ತುದಿಯಷ್ಟು ಒಂದು ಚಿಲಕ ಇರುತ್ತೆ. ಕುಂಕುಮದ ಭರಣಿಯಲ್ಲಿ ಅದು ಜಾರಿತ್ತು. ಮೇಲಕ್ಕೆ ಸರಿಸಿದೆ, ಸರಿಹೋಯಿತು. ಭರಣಿಯ ಐಡಿಯಾ ಒಳ್ಳೆಯದಲ್ಲ ಅಂತ ಈಗ ಅನ್ನಿಸುತ್ತೆ. ಕುಂಕುಮದ ಪುಡಿ ಒರೆಸೋದೇ ಒಂದು ಕೆಲಸವಾಯಿತು.

ಎಲ್ಲರಿಗಿಂತ ಮೊದಲು ಕೊನೆಯ ಫೋಟೋ ನೋಡಿದೆ. ಬಿದ್ದಿತ್ತು. ಹಾರುವ ಸೆರಗು, ತಲೆಯ ಮೇಲಿನ ಕೈ, ಬಾಯಿ ತುಂಬಾ ನಗು, ಹಿಂದೆ ಕಡಲು, ಒಂದು ಕಾಲಿಗೆ ಚಪ್ಪಲಿ ಇಲ್ಲ.

ಮೂಲೆಯಲ್ಲಿ ಕಿತ್ತಳೆ ಬಣ್ಣದ ಅಕ್ಷರದಲ್ಲಿ ತಾರೀಕು ಬಿದ್ದಿತ್ತು. 1-1-2009! ವರ್ಷಗಟ್ಟಲೆ ಡಬ್ಬದಲ್ಲಿದ್ದು ಬ್ಯಾಟರಿ ಪೂರ್ತಿ ಇಳಿದರೆ ಕ್ಯಾಮೆರಾದ ಗಡಿಯಾರ ಮೊದಲಿಗೇ ಹೋಗಿಬಿಡುತ್ತೆ. ಹೊರಡೋ ಗಡಿಬಿಡಿಯಲ್ಲಿ ನಾನು ಸರಿ ಮಾಡಿರಲಿಲ್ಲ. ನೀವು ಪ್ರವಾಸಕ್ಕೆ ಮುಂಚೆ ಮರೆಯದೆ ನೋಡಿಕೊಳ್ಳಿ.

"ಛೆ, ತಾರೀಕು ತಪ್ಪಾಯ್ತಲ್ಲ ಅತ್ತೆ, ಹದಿನಾರು ವರ್ಷ ಹಿಂದಿನದು ಬಿದ್ದಿದೆ. ಅಳಿಸಿಸ್ತೀನಿ" ಅಂದೆ.

ಅತ್ತೆ ಕನ್ನಡಕ ಏರಿಸಿಕೊಂಡು ಆ ಪುಟ್ಟ ಪರದೆಯನ್ನು ತುಂಬಾ ಹೊತ್ತು ನೋಡಿದರು. "ಯಾವ ಇಸವಿ ಅಂದೆ?"

"2009."

"ಆಗ ಅವರಿದ್ದರಲ್ಲೇ," ಅಂದರು. "ಇರಲಿ ಬಿಡು. ಅಳಿಸಬೇಡ."

ಸ್ಟುಡಿಯೋದಲ್ಲಿ 8 ಇಂಚಿಗೆ 12 ಇಂಚು ಅಳತೆಯಲ್ಲಿ ಪ್ರಿಂಟ್ ಹಾಕಿಸಿದೆ. ಮೂಲೆಯ ತಾರೀಕು ತೆಗೆದುಬಿಡಲೇ ಆಂಟಿ ಅಂತ ಆ ಹುಡುಗನೂ ಕೇಳಿದ, ಬೇಡಪ್ಪ ಅಂದೆ. ಕಟ್ಟು ಹಾಕಿಸಿದ ಫೋಟೋ ಈಗ ನಡುಮನೆಯಲ್ಲಿ ಮಾವನವರ ಫೋಟೋದ ಪಕ್ಕದ ಗೋಡೆಯಲ್ಲಿದೆ. ಬಂದವರೆಲ್ಲ ಚಪ್ಪಲಿ ಎಲ್ಲಿ ಹೋಯಿತು ಅಂತ ಕೇಳ್ತಾರೆ. ಅತ್ತೆ ಒಳಗೆ ಹೋಗಿ ಪೇಪರಿನಲ್ಲಿ ಸುತ್ತಿಟ್ಟ ಇನ್ನೊಂದನ್ನ ತಂದು ತೋರಿಸ್ತಾರೆ.